ಹೆಂಗಸರ ಮಾತಲ್ಲಿ ಗಂಡಸು ಬರಲೇಬಾರದಾ? ಪರ-ವಿರೋಧ

ಪ್ರಶ್ನೆ: ಕತೆ-ಕಾದಂಬರಿಲಿ ಇಬ್ಬರು ಹೆಂಗಸರ ನಡುವೆ ಗಂಡಸಿನ ಸುದ್ದಿ ಇಲ್ಲದ ಒಂದಾದ್ರೂ ಗಟ್ಟಿ ಮಾತುಕತೆ ಇರಲೇಬೇಕಾ?

ಪರ (ಚಿತ್ರದುರ್ಗದಿಂದ)

ಇರಲೇಬೇಕು. ಅಮೆರಿಕದ ಕಾರ್ಟೂನಿಸ್ಟ್ ಆಲಿಸನ್ ಬೆಕ್ಡೆಲ್ 1985ರಲ್ಲೇ ಒಂದು ಕಾಮಿಕ್ ಸ್ಟ್ರಿಪ್‌ನಲ್ಲಿ ಸಿನಿಮಾ ಬಗ್ಗೆ ತಮಾಷೆ ಮಾಡಿದ್ರು, ಇಬ್ಬರು ಹೆಂಗಸರಿರ್ಬೇಕು, ಒಬ್ರಿಗೊಬ್ರು ಮಾತಾಡ್ಬೇಕು, ಮಾತು ಗಂಡಸಿನ ಬಗ್ಗೆ ಇರಬಾರದು ಅಂತ. ಇಷ್ಟೇ. ಇಷ್ಟರಲ್ಲೂ ಎಷ್ಟು ಕತೆ ಫೇಲ್ ಆಗ್ತವೆ ನೋಡಿ!

ನಮ್ಮೂರ ಓಬವ್ವನ್ನೇ ತಗೊಳ್ಳಿ. ಊಟಕ್ಕೆ ಕೂತ ಗಂಡ, ನೀರಿಗೆ ಹೋದ ಓಬವ್ವ, ಕಿಂಡಿಲಿ ನುಸುಳಿದ ಹೈದರಾಲಿ ಸೈನಿಕರು, ಒನಕೆ ಪೆಟ್ಟು, ಎಲ್ಲಾ ನಮಗೆ ಬಾಯಿಪಾಠ. ಆದ್ರೆ ಅವಳ ಪಕ್ಕದ ಮನೆಯವಳು ಯಾರು? ಒನಕೆ ಹಿಡಿದು ಎದುರುಬದುರು ನಿಂತು ಪದ ಹೇಳ್ತಾ ಕುಟ್ಟೋದು ನಮ್ಮಲ್ಲಿ ಹೆಂಗಸರ ಜೋಡಿ ಕೆಲಸ, ಹಾಗಿದ್ರೆ ಓಬವ್ವನ ಎದುರಿಗೆ ನಿಂತು ಕುಟ್ಟಿದವಳು ಎಲ್ಲಿ ಹೋದ್ಲು? ಕತೆ ಹೇಳೋ ಯಾರಿಗೂ ಅವಳು ಬೇಕಾಗಲೇ ಇಲ್ಲ.

ಎಂ.ಕೆ. ಇಂದಿರಾ ಅವರ ಫಣಿಯಮ್ಮ ನೋಡಿ, ಬಾಲವಿಧವೆಯಾಗಿ ಬದುಕು ಸವೆಸಿದ ಮುದುಕಿ, ತಲೆ ಬೋಳಿಸ್ಕೊಳ್ಳಲ್ಲ ಅಂತ ಹಟ ಹಿಡಿದ ಎಳೇ ವಿಧವೆ ಪರ ನಿಲ್ತಾಳೆ. ಇಡೀ ಕಾದಂಬರಿಯ ತೂಕ ಅಲ್ಲೇ ಇದೆ.

ಚಳ್ಳಕೆರೆ ಕಡೆ ಶೇಂಗಾ ಸುಲಿಯೋ ಹೆಂಗಸರ ಹತ್ರ ಸುಮ್ನೆ ಕೂತು ಕೇಳಿ. "ಈ ವಾರದ ಸಂಘದ ಕಂತು ನಾನು ಕಟ್ತೀನಿ ಬಿಡವ್ವ, ಮಂಗಳವಾರ ನಮ್ಮ ಹುಡುಗಿನ ಆಸ್ಪತ್ರೆಗೆ ನೀನೇ ಕರ್ಕೊಂಡು ಹೋಗ್ಬೇಕು ಮತ್ತೆ." ಸಾಲ, ಸಲುಗೆ, ಚೌಕಾಸಿ ಎಲ್ಲಾ ಬಂತು. ಒಬ್ಬಳಿಗೆ ಇನ್ನೊಬ್ಬಳಿಂದ ಏನೋ ಬೇಕಾಗಿರ್ಬೇಕು, ಅಷ್ಟಿದ್ರೆ ಸೀನ್ ತಾನಾಗೇ ಬರುತ್ತೆ. ಲೆಕ್ಕ ಇಟ್ಕೊಂಡು ಬರೆಯೋಕಾಗುತ್ತಾ ಅಂತ ರಾಗ ಎಳೆಯೋರು ಹೀರೋಗೆ ನಾಲ್ಕು ಜನ ಗೆಳೆಯರನ್ನ ಕೊಡುವಾಗ ಯಾವ ಲೆಕ್ಕಾನೂ ಕೇಳಲ್ಲ.

ವಿರೋಧ (ದಾವಣಗೆರೆಯಿಂದ)

ವಿರೋಧ ಬರೀರಿ ಅಂದ್ರು, ಬರೀತಿದೀನಿ. ಇರಲೇಬೇಕು ಅಂತ ಕಾನೂನು ಮಾಡಿದ್ರೆ ಲೇಖಕ ಅಡುಗೆಮನೆಲಿ ಇಬ್ಬರನ್ನ ನಿಲ್ಲಿಸಿ ಮಳೆ ಬಗ್ಗೆ ಎರಡು ಮಾತಾಡಿಸಿ ಕೈ ತೊಳ್ಕೋತಾನೆ. ಅದಕ್ಕಿಂತ ಬಿಟ್ಟುಬಿಡೋದೇ ವಾಸಿ.

ನಮ್ಮ ದೊಡ್ಡಮ್ಮ ಮಂಡಕ್ಕಿ ಭಟ್ಟಿಗೆ ಕೆಲಸಕ್ಕೆ ಹೋಗ್ತಿದ್ರು. ಕಾದ ಮರಳಿನ ಮುಂದೆ ನಿಂತು ನಿಂತು ಮನೆಗೆ ಬಂದ್ರೂ ಮೈಯೆಲ್ಲಾ ಹೊಗೆ ವಾಸನೆ. ಸಂಜೆ ಪಕ್ಕದ ಮನೆ ಗೌರಕ್ಕ ಬಾಗಿಲಿಗೆ ಬರೋರು, ದೊಡ್ಡಮ್ಮ ಕೇಳೋದು ಒಂದೇ ಮಾತು, "ನಿಮ್ಮನೆಯವ್ರು ಬಂದ್ರೇನೇ?" "ಇನ್ನೂ ಇಲ್ಲಕ್ಕ." ಅಷ್ಟೇ, ಗೌರಕ್ಕ ಸೆರಗಿನ ಗಂಟು ಬಿಚ್ಚಿ ಕೂಲಿ ದುಡ್ಡಲ್ಲಿ ಅರ್ಧ ತೆಗೆದು ಕೊಡೋರು, ದೊಡ್ಡಮ್ಮ ಅದನ್ನ ಎಲೆಅಡಿಕೆ ಸಂಚಿಗೆ ಹಾಕಿ ದಾರ ಎಳೆಯೋರು. ಗಂಡ ಕುಡಿಯೋಕೆ ಕಿತ್ಕೊಳ್ಳದಿರ್ಲಿ ಅಂತ. ಆಮೇಲೆ ಮಂಡಕ್ಕಿಗೆ ಬೆಳ್ಳುಳ್ಳಿ ಒಗ್ಗರಣೆ, ಮಿರ್ಚಿ, ನಮಗೆಲ್ಲಾ ಒಂದೊಂದು ತಟ್ಟೆ. ಆ ರುಚಿ ಈಗ ಎಲ್ಲೂ ಸಿಗಲ್ಲ ಬಿಡಿ.

ಬೆಕ್ಡೆಲ್ ಲೆಕ್ಕದಲ್ಲಿ ಈ ಸೀನ್ ಫೇಲ್, ಆಡಿದ್ದು ಬರೀ ಗಂಡನ ಮಾತು.

ಇನ್ನು ಓಬವ್ವನ ವಿಷಯಕ್ಕೆ ನಾನು ಬರಲ್ಲ. ದುರ್ಗದವರ ಹತ್ರ ಓಬವ್ವನ ಬಗ್ಗೆ ವಾದ ಮಾಡಿ ಗೆದ್ದು ಬಂದೋರನ್ನ ನಾನಂತೂ ನೋಡಿಲ್ಲ.