ಬಿದ್ದ ಹಲ್ಲಿಗೆ ನೀರು ಬೇಡ, ಹಾಲು

ಪೆಟ್ಟು ಬಿದ್ದು ಉದುರಿದ ಹಲ್ಲನ್ನು ನೀರಲ್ಲಿ ಹಾಕಿ ದಂತವೈದ್ಯರ ಬಳಿಗೆ ಒಯ್ಯಿರಿ ಎಂದು ನಿಮ್ಮ ಲೇಖನದಲ್ಲಿದೆ. ಅದೊಂದನ್ನು ದಯವಿಟ್ಟು ತಿದ್ದಿ. ಬೇರಿಗೆ ಅಂಟಿಕೊಂಡಿರುವ ಜೀವಕೋಶಗಳು ನೀರು ಹೀರಿ ಊದಿ ಒಡೆಯುತ್ತವೆ. ಆಮೇಲೆ ಕೂರಿಸಿದರೂ ಬೇರು ಕ್ರಮೇಣ ಕರಗುತ್ತದೆ. ತಣ್ಣನೆಯ ಹಾಲಿನಲ್ಲಿಡಿ.

ಅದಕ್ಕಿಂತಲೂ ಒಳ್ಳೆಯ ಜಾಗ ಹಲ್ಲು ಬಿದ್ದ ಗುಳಿಯೇ. ಬಿಳಿ ಭಾಗವನ್ನಷ್ಟೇ ಹಿಡಿಯಿರಿ, ಬೇರು ಮುಟ್ಟಬೇಡಿ. ಮಣ್ಣಾಗಿದ್ದರೆ ಹಾಲಲ್ಲಿ 10 ಸೆಕೆಂಡ್ ಜಾಲಾಡಿಸಿ (ಅಷ್ಟು ಹೊತ್ತಿಗೆ ನಲ್ಲಿ ನೀರಾದರೂ ಅಡ್ಡಿಯಿಲ್ಲ, ಉಜ್ಜುವುದು ಮಾತ್ರ ಬೇಡ). ಹಲ್ಲಿನ ಮುಂಭಾಗ ಯಾವುದು, ಹಿಂಭಾಗ ಯಾವುದು ಎಂದು ನೋಡಿಕೊಂಡು ಗುಳಿಯಲ್ಲಿ ಮೆಲ್ಲಗೆ ಒತ್ತಿ ಕೂರಿಸಿ, ಮಡಿಸಿದ ಬಟ್ಟೆ ಕಚ್ಚಿಸಿಕೊಂಡು ಹೊರಡಿ. ಹೊರಗೆ ಒಣಗುತ್ತಾ 60 ನಿಮಿಷ ದಾಟಿದರೆ ಉಳಿಯುವ ಆಸೆ ತೀರಾ ಕಡಿಮೆ.

ಇದೆಲ್ಲ ಶಾಶ್ವತ ಹಲ್ಲಿಗೆ. ಮಕ್ಕಳ ಹಾಲುಹಲ್ಲನ್ನು ವಾಪಸ್ ತುರುಕಲೇಬಾರದು, ಒಳಗೆ ಬೆಳೆಯುತ್ತಿರುವ ಹಲ್ಲಿಗೆ ಪೆಟ್ಟಾಗುತ್ತದೆ.

ಹಲ್ಲು ಬರೀ ತುಂಡಾಗಿದ್ದರೆ ಚೂರನ್ನು ಒದ್ದೆಯಾಗಿಟ್ಟು ತನ್ನಿ, ಎಷ್ಟೋ ಸಲ ಅದನ್ನೇ ಅಂಟಿಸಬಹುದು. ಮುರಿದ ಕಡೆ ನಡುವೆ ಕೆಂಪು ಚುಕ್ಕೆ ಕಂಡರೆ ನರ ತೆರೆದುಕೊಂಡಿದೆ ಎಂದರ್ಥ, ನಾಳೆಗೆ ಬಿಡಬೇಡಿ. ನೋವಿಗೆಂದು ಆಸ್ಪಿರಿನ್ ಮಾತ್ರೆಯನ್ನು ಒಸಡಿಗೆ ಒತ್ತಿಟ್ಟುಕೊಳ್ಳುವವರೂ ಇದ್ದಾರೆ. ಹಲ್ಲಿನ ನೋವು ಹೋಗದು, ಒಸಡು ಸುಟ್ಟುಕೊಳ್ಳುತ್ತದೆ ಅಷ್ಟೆ.