ಟಿಂಗ್ ಟಿಂಗ್ ಕಾಟ

"ಬೆಲ್ಟ್ ಹಾಕಿದೀನಿ ಮಾರಾಯ, ಹಾಕಿದೀನಿ!" ಹೀಗೆ ಕೂಗಿದ್ದು ಡ್ಯಾಶ್‌ಬೋರ್ಡಿಗೆ. ಗಾಜನೂರು ದಾಟುವಾಗ ಹತ್ತಿಕೊಂಡ ಕೆಂಪು ದೀಪ ತೀರ್ಥಹಳ್ಳಿವರೆಗೂ ಆರಲಿಲ್ಲ. ಜೊತೆಗೆ ಟಿಂಗ್ ಟಿಂಗ್.

2019ರ ಜುಲೈ 1ರಿಂದ ಹೊಸ ಕಾರುಗಳ ಮುಂದಿನ ಎರಡೂ ಸೀಟಿಗೆ ಈ ಗಂಟೆ ಕಡ್ಡಾಯ. ನಿಯಮ ಒಳ್ಳೆಯದೇ, ನನ್ನ ತಕರಾರು ಅದರ ಮೇಲಲ್ಲ.

ಮೊದಲ ಅನುಮಾನ ಪಕ್ಕದ ಸೀಟಿನ ಹಲಸಿನಹಣ್ಣಿನ ಮೇಲೆ. ಸೀಟಿನೊಳಗೆ ಭಾರ ಗುರುತಿಸುವ ಸೆನ್ಸರ್ ಇರುತ್ತದಲ್ವಾ, ಹಣ್ಣು ಕೂತರೂ ಮನುಷ್ಯ ಅಂದುಕೊಳ್ಳುತ್ತದೆ. ಹಣ್ಣಿಗೂ ಬೆಲ್ಟ್ ಹಾಕಿದೆ. ಎದುರು ಬಂದ ಬಸ್ಸಿನ ಡ್ರೈವರ್ ನಕ್ಕ. ಹಿಂದಿನ ಸೀಟಿಗೆ ಹಾಕಿದೆ. ಊಹೂಂ.

ಗ್ಯಾರೇಜಿನವನು, "ಸೀಟೇ ಬಿಚ್ಚಬೇಕು ಸಾರ್" ಎಂದ. ಇನ್ನೊಬ್ಬ, "ಬಕಲ್‌ಗೆ ಸಿಕ್ಕಿಸೋ ಖಾಲಿ ಕ್ಲಿಪ್ ಇದೆ, ಸುಮ್ನೆ ಹಾಕ್ಕೊಳ್ಳಿ" ಎಂದ. ಬೆಲ್ಟ್ ಹಾಕುವವನಿಗೆ ಆ ಕಳ್ಳಾಟ ಯಾಕೆ?

ಕೊನೆಗೆ ಮನೆ ಅಂಗಳದಲ್ಲಿ, ಜಡಿಮಳೆಯಲ್ಲೇ, ನನ್ನ ಬಕಲ್‌ಗೆ ಟಾರ್ಚ್ ಬಿಟ್ಟೆ. ಬೆಲ್ಟಿನ ನಾಲಗೆ ಕೂತಾಗ ಒಳಗೊಂದು ಪುಟ್ಟ ಸ್ವಿಚ್ ಒತ್ತಬೇಕು. ಆ ಜಾಗದಲ್ಲಿ ಕೋಡುಬಳೆ ಚೂರು! ಥಂಡಿಗೆ ಮೆತ್ತಗಾಗಿ, ಅಂಟಿನ ಹಾಗೆ ಹಿಡಿದುಕೊಂಡಿತ್ತು. ಹಳೇ ಟೂತ್‌ಬ್ರಷ್‌ನಲ್ಲಿ ಕೆದಕಿದೆ. ದೀಪ ಆರಿತು.

ಕಾರಲ್ಲಿ ಕೋಡುಬಳೆ ತಿಂದವರು ಯಾರು ಎಂದು ಜೋರು ಮಾಡಿದೆ. ಮನೆಯವರೆಲ್ಲ ನನ್ನನ್ನೇ ನೋಡಿದರು.