ಟ್ಯಾಂಕ್ ಫುಲ್, ಗಾಡಿ ಡಲ್

ನನ್ನ ಹಳೇ ಕಾರು ಚಳಿಯಲ್ಲೂ ಒಂದೇ ಸೆಲ್ಫ್‌ಗೆ ಏಳುತ್ತದೆ. ಆದರೆ ಓಡಿ ಬಿಸಿಯಾದ ಮೇಲೆ ಹತ್ತು ನಿಮಿಷ ನಿಲ್ಲಿಸಿದೆನೋ, ಮುನಿಸಿಕೊಂಡ ಅಳಿಯನ ಹಾಗೆ ಜಪ್ಪಯ್ಯ ಅಂದರೂ ಅಲುಗುವುದಿಲ್ಲ. ಈ ಮುನಿಸು ಜಾಸ್ತಿ ಪೆಟ್ರೋಲ್ ಬಂಕ್‌ನಲ್ಲೇ. ಆಗ ತಾನೇ ಟ್ಯಾಂಕ್ ತುಂಬಿಸಿದ ಹುಡುಗನೇ ಬಂದು, "ಪೆಟ್ರೋಲ್ ಇದೆಯಾ ಸಾರ್?" ಅಂದ. ಹಿಂದೆ ಹಾರ್ನ್ ಮೇಳ.

ಎಂಜಿನ್ ಓಡುವಾಗ, ಪೆಟ್ರೋಲಿಗೆ ಗಾಳಿ ಬೆರೆಸುವ ಕಾರ್ಬುರೇಟರ್ ತಣ್ಣಗಿರುತ್ತದೆ. ಬೆವರು ಆರಿದರೆ ಮೈ ತಂಪಾಗುತ್ತಲ್ಲ, ಹಾಗೆ ಅದರೊಳಗೆ ಪೆಟ್ರೋಲ್ ಆವಿಯಾಗುತ್ತಾ ಶಾಖ ಹೀರುತ್ತದೆ. ಆಫ್ ಮಾಡಿದಿರಾ, ಫ್ಯಾನೂ ನಿಂತಿತು, ರೇಡಿಯೇಟರ್ ನೀರೂ ನಿಂತಿತು. ಕಾರ್ಬುರೇಟರ್ ಕೆಳಗೆ ಕಾದು ಕೂತಿರುವುದು ಮ್ಯಾನಿಫೋಲ್ಡ್, ಅಂದರೆ ಆ ಮಿಶ್ರಣವನ್ನು ಎಂಜಿನ್ ಒಳಗೆ ಒಯ್ಯುವ ಕೊಳವೆ; ಅದರ ಬಿಸಿ ಮೆಲ್ಲಗೆ ಮೇಲೆ ಹತ್ತುತ್ತದೆ. ಪೆಟ್ರೋಲಿನ ಹಗುರ ಭಾಗ 40 ಡಿಗ್ರಿ ಆಸುಪಾಸಿನಲ್ಲೇ ಕುದಿಯುವಂಥದ್ದು. ಕಾರ್ಬುರೇಟರ್‌ನ ಪೆಟ್ರೋಲ್ ಬಟ್ಟಲಲ್ಲಿದ್ದದ್ದು ಉಕ್ಕಿ ಮ್ಯಾನಿಫೋಲ್ಡ್ ಒಳಗೆ ಸುರಿಯುತ್ತದೆ. ನಾನೋ, ಆಕ್ಸಿಲರೇಟರ್ ತುಳಿದು ತುಳಿದು ಇನ್ನಷ್ಟು ಸುರಿದೆ! ಪೆಡಲ್ ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆಯಬೇಕಿತ್ತು. ಪೆಟ್ರೋಲಿನಲ್ಲಿ ಮುಳುಗಿದ ಎಂಜಿನ್‌ಗೆ ಬೇಕಾದದ್ದು ಗಾಳಿ.

ಮ್ಯಾನಿಫೋಲ್ಡ್‌ಗೆ ಬಿಸಿ ಬೇಡವೇ ಬೇಡ ಅಂತಲೂ ಅಲ್ಲ. ಚಳಿಯಲ್ಲಿ ಪೆಟ್ರೋಲ್ ಒಳಗೋಡೆಗೆ ಹನಿಯಾಗಿ ಅಂಟಬಾರದು ಅಂತ ಎಷ್ಟೋ ಹಳೇ ಎಂಜಿನ್‌ಗಳಲ್ಲಿ ಎಕ್ಸಾಸ್ಟ್ ಶಾಖದಿಂದ ಬೇಕಂತಲೇ ಅದನ್ನು ಕಾಯಿಸುತ್ತಾರೆ. ಕೆಳಗಿನವನು ಬೆಚ್ಚಗಿರಬೇಕು, ಮೇಲಿನವನು ತಣ್ಣಗಿರಬೇಕು. ಮಧ್ಯೆ ಒಂದು ಗೋಡೆ ಬೇಕು, ಅಷ್ಟೇ.

ಗೋಡೆ ತಾನೇ? ಅಲ್ಯೂಮಿನಿಯಂ ತುಂಡು ತಂದು, ಒಂದು ಭಾನುವಾರವಿಡೀ ಅರ ಹಾಕಿ ಉಜ್ಜಿ, ಮುಖ ಕಾಣುವಷ್ಟು ಹೊಳಪು ಕೊಟ್ಟು ಕೂರಿಸಿದೆ. ದಪ್ಪ ಇದ್ದರೆ ಸಾಕು ಅಂದುಕೊಂಡಿದ್ದೆ. ಬಿಸಿಯನ್ನು ಅಷ್ಟು ಖುಷಿಯಿಂದ ದಾಟಿಸುವ ಲೋಹ ಗ್ಯಾರೇಜಿನಲ್ಲಿ ಇನ್ನೊಂದಿರಲಿಲ್ಲ. ಗೋಡೆ ಕಟ್ಟಲು ಹೋಗಿ ಸೇತುವೆ ಕಟ್ಟಿದ್ದೆ.

ಆಮೇಲೆ ಬುದ್ಧಿ ಬಂದು, ಬಿಸಿಯನ್ನು ಸುಲಭಕ್ಕೆ ದಾಟಿಸದ ಗಟ್ಟಿ ಪ್ಲಾಸ್ಟಿಕ್ ಬೇಕಲೈಟ್‌ನ 12 ಮಿ.ಮೀ. ಸ್ಪೇಸರ್ ಹಾಕಿದೆ. ಈಗ ಕಾರ್ಬುರೇಟರನ್ನು ಹಿಡಿದಿಡುವ ಬೋಲ್ಟುಗಳು, ಅಂದರೆ ಸ್ಟಡ್‌ಗಳು, ಗಿಡ್ಡ. ನಟ್ ಎರಡೇ ಸುತ್ತು ಹಿಡಿಯಿತು, ಅಷ್ಟು ಸಾಕು ಅಂತ ಬಿಟ್ಟೆ. ಸಂದಿಯಲ್ಲಿ ಗಾಳಿ ಎಳೆದು ಎಂಜಿನ್ ಸುಯ್ಯ್ ಅಂತ ಸಿಳ್ಳೆ ಹೊಡೆಯಿತು, ಐಡ್ಲಿಂಗ್ ತಾನಾಗೇ ಏರಿ ಕೂತಿತು. ಉದ್ದ ಸ್ಟಡ್, ಎರಡೂ ಕಡೆ ಸಂದಿ ಮುಚ್ಚುವ ಹೊಸ ಗ್ಯಾಸ್ಕೆಟ್ ಹಾಕಿದ ಮೇಲೆ ಸಿಳ್ಳೆ ನಿಂತಿತು. ತಲೆ ಮೇಲೆ ಏರ್ ಕ್ಲೀನರ್ ಹೊತ್ತು ಎತ್ತರವಾದ ಕಾರ್ಬುರೇಟರ್‌ಗೆ ಆಕ್ಸಿಲರೇಟರ್ ರಾಡ್ ಹೊಂದಿಸಲು ಇನ್ನೊಂದು ಭಾನುವಾರ ಹೋಯಿತು.

ಮೊನ್ನೆ ಅದೇ ಬಂಕ್. ಟ್ಯಾಂಕ್ ತುಂಬಿಸಿ, ಬೇಕಂತಲೇ ಪಕ್ಕಕ್ಕೆ ನಿಲ್ಲಿಸಿ ಹತ್ತು ನಿಮಿಷ ಕಾದು, ಕೀಲಿ ತಿರುಗಿಸಿದೆ. ಒಂದೇ ಸೆಲ್ಫ್! ಗತ್ತಿನಿಂದ ಹುಡುಗನ ಕಡೆ ನೋಡಿದೆ. ಓಡಿ ಬಂದ.

"ಸಾರ್, ಬಾನೆಟ್ ಸರಿಯಾಗಿ ಮುಚ್ಚಿಲ್ಲ."

"ಮುಚ್ಚಲ್ಲಪ್ಪ," ಅಂದೆ. "ಏರ್ ಕ್ಲೀನರ್ ತಗಲುತ್ತೆ."